ಬಣ್ಣ ಬೇಡದ ಹುಡುಗಿ

“ಈಕಿಗೆ ಬ್ಯಾಡ ಬಿಡ್ರಿ, ಹಂಗ ನಡೀತದ,” ಎಂದು ಕುಮುದಾ ಆಂಟಿ ಬಣ್ಣದ ಸ್ಪಂಜನ್ನು ಮುಂದಿನ ಮಗುವಿನ ಕೆನ್ನೆಗೆ ಒತ್ತಿದರು. ಸುತ್ತ ನಿಂತ ತಾಯಂದಿರು ನಕ್ಕರು. ಶ್ರೀಶೈಲನೂ ನಕ್ಕ. ನಕ್ಕ ಮೇಲೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅಮೆರಿಕದ ಇರ್ವಿಂಗಿನ ಬಾಡಿಗೆ ಹಾಲಿನಲ್ಲಿ ಕನ್ನಡ ಸಂಘದ ಯುಗಾದಿ. ಎಂಟು ಮಕ್ಕಳು ಒಂದು ಹಳೆಯ ಪಾಪ್ ವಿಡಿಯೊದ ಕುಣಿತ ಕುಣಿಯಬೇಕು. ಅದರಲ್ಲಿ ಹಾಡಿ ಕುಣಿದವನು ಕಪ್ಪು ಮನುಷ್ಯ. ಹಾಗಾಗಿ ಏಳು ಮಕ್ಕಳ ಮುಖಕ್ಕೆ ಕಂದು ಬಣ್ಣ. ಎಂಟನೆಯವಳು ಅವನ ಮಗಳು ಪ್ರಗತಿ. ಅವಳದು ಅಪ್ಪನದೇ ಮೈಬಣ್ಣ.

“ಈ ದೇಶದಾಗ ಹಿಂಗ ಮುಖಕ್ಕ ಬಳಿಯೂದು ಕಪ್ಪು ಮಂದಿಗೆ ಅವಮಾನ ಅಂತಾರ, ಆಂಟಿ.”

“ಹೊರಗಿನವ್ರು ಯಾರದಾರ ಇಲ್ಲೆ? ಎಲ್ಲಾ ನಮ್ಮವರ.”

“ಆದ್ರೂ...”

“ನೀವು ಮೈಕ್ ನೋಡ್ಕೋರಿ, ಶ್ರೀಶೈಲ್.”

ಮೈಕಿನಲ್ಲಿ ಓದಬೇಕಾದ ಚೀಟಿ ಜೇಬಿನಲ್ಲಿತ್ತು. ಬರೆದದ್ದು ಅವನೇ. ಕಪ್ಪು ಗಾಯಕರಿಗೆ ಬಾಗಿಲು ಹಾಕಿಕೊಂಡಿದ್ದ ಟಿವಿಯವರು ಈ ವಿಡಿಯೊಗೆ ಬಾಗಿಲು ತೆರೆಯಲೇಬೇಕಾಯಿತು, ಬಣ್ಣದ ಗೋಡೆ ಬಿತ್ತು, ಇತ್ಯಾದಿ. ಥೂ, ಎಂಥ ಭಾಷಣ.

ವಿಜಯಪುರದಲ್ಲಿ ಹೆಣ್ಣು ನೋಡಲು ಹೋದ ಮನೆಗಳಲ್ಲೆಲ್ಲ ಅವನ ತಾಯಿಯೇ ಮೊದಲು ಹೇಳಿಬಿಡುತ್ತಿದ್ದಳು: ಹುಡುಗ ಎಂಜಿನಿಯರ್, ಬಣ್ಣ ಒಂಚೂರು ಕಡಿಮೆ. ಅವನು ತಲೆ ತಗ್ಗಿಸಿ ಚಹಾ ಕುಡಿದು ಎದ್ದು ಬರುತ್ತಿದ್ದ. ಇವತ್ತೂ ಬಾಯಿ ಬಿಡದಿದ್ದರೆ ಮಗಳೂ ಹಾಗೇ ತಲೆ ತಗ್ಗಿಸುವುದನ್ನು ಕಲಿಯುತ್ತಾಳೆ. ಸಿಟ್ಟು ಬಂತು. ಆ ಸ್ಪಂಜನ್ನು ಆಂಟಿಯ ಇಳಕಲ್ ಸೀರೆಗೆ ಒರೆಸಬೇಕು ಅನ್ನಿಸಿತು.

ಪ್ರಗತಿ ಅವನ ಅಂಗಿ ಜಗ್ಗಿದಳು. “ಅಪ್ಪಾ, ವೈ ನಾಟ್ ಮೀ?”

“ನಿನಗ ಬೇಕಾಗಿಲ್ಲ ಪುಟ್ಟಿ.”

“ಬಟ್ ವೈ?”

ಉತ್ತರವಿತ್ತು. ಅದನ್ನು ಹೇಳಬೇಕಾದದ್ದು ಇವಳಿಗಲ್ಲ, ಎದುರಿಗೆ ನಕ್ಕವರಿಗೆ. ನನ್ನ ಮಗಳು ಕುಣಿಯುವುದಿಲ್ಲ, ನಾವು ಹೊರಟೆವು ಅಂದಿದ್ದರೂ ಸಾಕಿತ್ತು.

“ಆಂಟಿ, ಈಕಿಗೂ ಹಚ್ಚಿಬಿಡ್ರಿ,” ಎಂದ. ದನಿ ಅಂಗಲಾಚುವಂತಿತ್ತು.

“ಹಚ್ಚಿದ್ರೂ ಕಾಣಂಗಿಲ್ಲರಿ.”

ಅವನು ಸ್ಪಂಜು ಕಸಿದುಕೊಂಡ. ಮಗಳ ಗದ್ದ ಹಿಡಿದು ಹಣೆಗೆ, ಮೂಗಿಗೆ, ಕೆನ್ನೆಗೆ ಬಳಿದ. ಇದು ಬಣ್ಣ, ತೊಳೆದರೆ ಹೋಗುವ ಬಣ್ಣ ಎಂದು ಹಾಲಿನ ಕೊನೆಯ ಕುರ್ಚಿಗೂ ಕಾಣುವಷ್ಟು ದಪ್ಪಗೆ ಬಳಿದ. “ಅಪ್ಪಾ, ಇಟ್ ಹರ್ಟ್ಸ್,” ಎಂದಳು. ಕೈ ನಿಲ್ಲಲಿಲ್ಲ. ಅಷ್ಟೂ ಸಿಟ್ಟು ಆ ಪುಟ್ಟ ಮುಖದ ಮೇಲೆಯೇ ತೀರಿತು.

ಆಮೇಲೆ ಹೋಗಿ ಚೀಟಿ ಓದಿದ. ಗೋಡೆ ಬಿತ್ತು ಎಂಬಲ್ಲಿ ಚಪ್ಪಾಳೆ ಬಿತ್ತು.

ಕುಣಿತ ಮುಗಿದ ಮೇಲೆ ಮಕ್ಕಳು ಅಡುಗೆಮನೆಯ ಸಿಂಕಿನ ಮುಂದೆ ಸಾಲುಗಟ್ಟಿದರು. ಕಂದು ನೀರು ಹರಿಯಿತು. ಒಬ್ಬೊಬ್ಬರೇ ತಮ್ಮ ತಮ್ಮ ಮುಖ ವಾಪಸು ಪಡೆದು ಊಟಕ್ಕೆ ಓಡಿದರು. ಪ್ರಗತಿ ಕೊನೆಯವಳು. ಅವಳ ಕೆನ್ನೆಯಿಂದ ಇಳಿಯುವ ನೀರು ಆಗಲೇ ತಿಳಿಯಾಗಿತ್ತು. ಅವಳು ಉಜ್ಜುತ್ತಲೇ ಇದ್ದಳು.

“ಈಸ್ ಇಟ್ ಗಾನ್, ಅಪ್ಪಾ?”

ಶ್ರೀಶೈಲ ಇನ್ನೊಂದು ಪೇಪರ್ ಟವೆಲ್ ಹರಿದು, ಸೋಪು ಹಚ್ಚಿ, ಅವಳ ಕೈಗೆ ಕೊಟ್ಟ.