ಅಳತೆ ಕೇಳುವ ಬಗೆ

ಆಸ್ಪತ್ರೆಯ ನರ್ಸುಗಳಿಗೆಂದು ಹೊಲಿದ ಮೂವತ್ತೆರಡು ಬಿಳಿ ಕೋಟುಗಳಲ್ಲಿ ಹದಿನೇಳು ವಾಪಸು ಬಂದವು. ಗಂಟು ಬಿಚ್ಚಿ ಮೇಜಿನ ಮೇಲೆ ಸುರಿದಾಗ ಹೊಲಿಗೆ ಯಂತ್ರಗಳೆಲ್ಲ ಒಂದೊಂದಾಗಿ ಸದ್ದಡಗಿದವು. ಹೊಲಿಗೆ ಅಂಗಡಿಯ ಯಜಮಾನರು ಯಾರನ್ನೂ ಬೈಯಲಿಲ್ಲ.

"ಮುಂದಿನ ಶನಿವಾರದೊಳಗೆ ಸರಿಹೋಗ್ಬೇಕಮ್ಮ. ಇಲ್ದಿದ್ರೆ ನಿನ್ನ ಕೃತಕ ಬುದ್ಧಿಗೆ ದೊಡ್ಡ ನಮಸ್ಕಾರ. ಮೊದಲಿನ ಹಾಗೆ ಟೇಪು ಹಿಡ್ಕೊಂಡು ಹೋಗೋಣ" ಎಂದಷ್ಟೇ ಹೇಳಿ ಒಳಗೆ ಹೋದರು.

ಹೇಳಿದ್ದು ಕತ್ತರಿಯಮ್ಮನ ತಂಗಿಯ ಮಗಳಿಗೆ. ಮೊಬೈಲಿನಲ್ಲೇ ಜನರನ್ನು ಮಾತಾಡಿಸಿ ಅಳತೆ ತಿಳಿದುಕೊಳ್ಳುವ ಎಐ ಅವಳ ಕೈಯ ಕೆಲಸ. ಏನು ಕೇಳಬೇಕು, ಹೇಗೆ ಕೇಳಬೇಕು, ತೆರೆಯ ಮೇಲೆ ಯಾವುದು ಎಲ್ಲಿರಬೇಕು ಎಂಬುದನ್ನೆಲ್ಲ ಅವಳೇ ರೂಪಿಸಿದ್ದಳು. ಅದು ಅವಳ ಮೊದಲ ಕೆಲಸವೂ ಹೌದು. ಮೂವತ್ತು ವರ್ಷದಿಂದ ಬಟ್ಟೆ ಕತ್ತರಿಸುತ್ತ ಬಂದು, ಕೊನೆಗೆ ಹೆಸರನ್ನೂ ಕತ್ತರಿಗೇ ಬಿಟ್ಟುಕೊಟ್ಟಿದ್ದ ಕತ್ತರಿಯಮ್ಮ ಹುಡುಗಿಯ ಬಾಡಿದ ಮುಖ ನೋಡಿ ಕೈಯಲ್ಲಿದ್ದ ಬಟ್ಟೆ ಬದಿಗಿಟ್ಟು ಹತ್ತಿರ ಬಂದಳು.

"ಲೆಕ್ಕ ಎಲ್ಲೋ ತಪ್ತಿದೆ ದೊಡ್ಡಮ್ಮ. ಐದು ಸಲ ತಿದ್ದಿದೀನಿ."

ಕತ್ತರಿಯಮ್ಮ ಕೋಟುಗಳನ್ನು ಒಂದೊಂದಾಗಿ ತಿರುವಿ ಹಾಕಿದಳು. "ಸಡಿಲ ಅಂತ ಯಾವುದಾದ್ರೂ ಬಂದಿದೆಯಾ?"

"ಇಲ್ಲ. ಎಲ್ಲಾ ಸೊಂಟದ ಹತ್ರ ಬಿಗಿ."

"ಲೆಕ್ಕ ಬಾರದೋರು ಕತ್ತರಿಸಿದ್ರೆ ಒಂದು ಬಿಗಿ, ಇನ್ನೊಂದು ಜೋಳಿಗೆ ಆಗುತ್ತೆ. ಇವು ಎಲ್ಲಾ ಒಂದೇ ಕಡೆ ವಾಲಿವೆ. ನಿನ್ನ ಯಂತ್ರ ನೆಟ್ಟಗಿದೆ ಕಣೇ. ಸುಳ್ಳು ಹೇಳಿದೋರು ಈ ನರ್ಸುಗಳು."

"ಹದಿನೇಳು ಜನಾನೂ ಸೇರ್ಕೊಂಡು?"

"ಸೇರ್ಕೊಂಡು ಯಾಕೆ? ಈ ಸುಳ್ಳು ಒಬ್ಬೊಬ್ಬರೇ ಹೇಳೋದು, ಉಸಿರು ಬಿಗಿಹಿಡಿದು, ಹೊಟ್ಟೆ ಒಳಗೆಳ್ಕೊಂಡು."

"ಹಾಗಾದ್ರೆ ಎಲ್ಲರಿಗೂ ಗುಟ್ಟಾಗಿ ಎರಡಿಂಚು ಸೇರಿಸಿಬಿಡ್ಲಾ?"

"ನಿಜ ಹೇಳಿದ ಹದಿನೈದು ಜನ ಏನು ಪಾಪ ಮಾಡಿದ್ರು?"

ಮರುದಿನ ಹಿರಿಯ ನರ್ಸೇ ಜಗಳಕ್ಕೆ ಸಿದ್ಧವಾಗಿ ಬಂದಳು. "ಮೂವತ್ನಾಲ್ಕು ಅಂತ ಸ್ಪಷ್ಟವಾಗಿ ಬರ್ದಿದ್ದೆ. ಮೂವತ್ನಾಲ್ಕಕ್ಕೆ ಹೊಲಿಯೋಕೂ ಬರಲ್ವಾ ನಿಮಗೆ?"

ಕತ್ತರಿಯಮ್ಮ ಟೇಪಿಗೆ ಕೈ ಹಾಕಲಿಲ್ಲ. ಕುರ್ಚಿ ಎಳೆದಳು. "ಕೂತ್ಕೊಳ್ಳಿ ಸಿಸ್ಟರ್. ಹಳೇ ಕೋಟು ಹೇಗಿತ್ತು?"

"ಅಯ್ಯೋ, ಅದರ ಸುದ್ದಿ ಎತ್ತಬೇಡಿ! ಬಗ್ಗಿದ್ರೆ ಮೂರನೇ ಗುಂಡಿ ಹಾರುತ್ತೆ. ಒಂದಿನ ಡಾಕ್ಟರ ಮುಂದೆ ಔಷಧಿ ತಟ್ಟೆಗೇ ಬಿತ್ತು. ಅವತ್ತಿಂದ ಪಿನ್ನು. ಜೇಬಿಗೆ ಕೈ ಇಟ್ರೆ ಈಚೆ ಬರಲ್ಲ. ಕೂತಾಗ ಅಂತೂ ಕೇಳಲೇಬೇಡಿ..."

ಕೇಳಬೇಡಿ ಎನ್ನುತ್ತಲೇ ಕಾಲು ಗಂಟೆ ಹೇಳಿದಳು. ಜಗಳ ಮರೆತು, ನೀರು ಕುಡಿದು, ನಗುತ್ತ ಎದ್ದುಹೋದಳು. ಕತ್ತರಿಯಮ್ಮ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಮೂವತ್ತೆಂಟು ಎಂದು ಬರೆದಳು.

"ತಮ್ಮ ಮೈ ಬಗ್ಗೆ ಕೇಳಿದ್ರೆ ಜನ ಬಾಯಿಗೆ ಬೀಗ ಹಾಕ್ತಾರೆ. ಬಟ್ಟೆ ಮೇಲೆ ದೂರು ಹೇಳಿ ಅಂದ್ರೆ ಬೀಗದ ಕೈ ಅವರೇ ಕೊಡ್ತಾರೆ."

ಹುಡುಗಿ ಆ ಸಂಜೆಯೇ ತೆರೆಯ ಮೇಲಿನ ಅಂಕಿಗಳನ್ನೆಲ್ಲ ಕಿತ್ತುಹಾಕಿದಳು. ಹಳೆಯ ಕೋಟು ಎಲ್ಲಿ ಹಿಡಿಯುತ್ತದೆ, ಯಾವ ಗುಂಡಿ ಬಿಚ್ಚಿ ಕೂರುತ್ತೀರಿ, ಕೈ ಎತ್ತಿದಾಗ ಏನಾಗುತ್ತದೆ ಎಂದು ಯಂತ್ರ ಕೇಳತೊಡಗಿತು. ಮೊದಲು ಬರೆದ ಅಳತೆಗೆ ಯಾವ ದೂರಿಗೆ ಎಷ್ಟು ಇಂಚು ಸೇರಿಸಬೇಕು ಎಂಬುದನ್ನು ಕತ್ತರಿಯಮ್ಮ ಪಕ್ಕದಲ್ಲಿ ಕೂತು ಯಂತ್ರಕ್ಕೆ ಕಲಿಸಿದಳು. ಅಷ್ಟು ಒಳ್ಳೆಯ ಶಿಷ್ಯ ಅವಳಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಹೇಳಿದ್ದನ್ನು ಮರೆಯುತ್ತಿರಲಿಲ್ಲ, ಆಕಳಿಸುತ್ತಿರಲಿಲ್ಲ. ಎದುರು ಮಾತಾಡುವುದಿಲ್ಲವಲ್ಲ ಎಂಬುದೊಂದೇ ಬೇಸರ.

ಶನಿವಾರ ಬೆಳಿಗ್ಗೆ ಹದಿನೇಳು ಹೊಸ ಕೋಟುಗಳು ಇಸ್ತ್ರಿಯಾಗಿ ಸಾಲಾಗಿ ತೂಗುತ್ತಿದ್ದವು. ಒಂದನ್ನು ಎತ್ತಿಕೊಂಡ ಕತ್ತರಿಯಮ್ಮ ಕೊರಳಪಟ್ಟಿ ಮಗುಚಿ ನೋಡಿ ಹೌಹಾರಿದಳು.

"ಇದೇನೇ ಇದು?"

"ಅಳತೆಯ ಚೀಟಿ. ಯಂತ್ರವೇ ಅಚ್ಚು ಹಾಕಿದ್ದು."

"ಮೂವತ್ತೆಂಟು ಅಂತ ಅವರ ಕುತ್ತಿಗೆಗೇ ಕಟ್ಟಿ ಕಳಿಸ್ತೀಯಾ? ಕೋಟು ಹೂವಿನ ಹಾಗೆ ಕೂತ್ರೂ ವಾಪಸು ಬರುತ್ತೆ, ಬರೆದಿಟ್ಕೋ!"

ಹುಡುಗಿ ಹಣೆ ಚಚ್ಚಿಕೊಂಡಳು. ಇಬ್ಬರೂ ಕೂತು ಚೀಟಿಗಳನ್ನು ಬಿಚ್ಚಿ, ಆ ಜಾಗದಲ್ಲಿ ಒಬ್ಬೊಬ್ಬರ ಹೆಸರು ಹೊಲಿದರು. ಮಧ್ಯಾಹ್ನದ ಊಟ ತಣ್ಣಗಾಯಿತು, ಯಾರಿಗೂ ಬೇಸರವಾಗಲಿಲ್ಲ.

ಒಂದೇ ಒಂದು ಕೋಟು ಹಿಂದಿರುಗಿತು, ಅದೂ ತೋಳು ಉದ್ದವಾಯಿತೆಂದು. "ಇರ್ಲಿ ಬಿಡಮ್ಮ ನಿನ್ನ ಯಂತ್ರ" ಎಂದರು ಯಜಮಾನರು. ಅವರ ಬಾಯಲ್ಲಿ ಅದೇ ದೊಡ್ಡ ಹೊಗಳಿಕೆ.

ಮರುವಾರವೇ ಹಿರಿಯ ನರ್ಸು ಹೊಸ ಕೋಟಿನಲ್ಲೇ ಬಂದಳು. ಎಲ್ಲರೆದುರು ಬಗ್ಗಿ ನೆಲ ಮುಟ್ಟಿ ಎದ್ದಳು.

"ನೋಡಿ, ಅಳತೆ ಅಂದ್ರೆ ಇದು! ಇದೇ ಥರ ಇನ್ನೆರಡು ಬೇಕು. ಎಷ್ಟಿಂಚಿಗೆ ಹೊಲಿದ್ರಿ ಅಂತ ಬರೆದಿಟ್ಕೊಂಡಿದೀರಿ ತಾನೇ?"

ಹುಡುಗಿ ಬಾಯಿ ತೆರೆದಳು. ಕತ್ತರಿಯಮ್ಮನ ಕೈಯಲ್ಲಿದ್ದ ಕತ್ತರಿ ಬಟ್ಟೆಯ ನಡುವೆಯೇ ನಿಂತಿತು.

"ಎಲ್ಲಾ ಇದೆ ಸಿಸ್ಟರ್" ಎಂದಳು ಹುಡುಗಿ. "ಜೇಬು ಇನ್ನೂ ಸ್ವಲ್ಪ ಆಳ ಬೇಕಿತ್ತಾ, ಅದೊಂದು ಹೇಳಿ."

"ಅಯ್ಯೋ, ಜೇಬಿನ ಕಥೆ ಕೇಳ್ಬೇಡಿ..." ಎಂದು ನರ್ಸು ತಾನೇ ಕುರ್ಚಿ ಎಳೆದುಕೊಂಡು ಕೂತಳು. ಕತ್ತರಿಯಮ್ಮ ನಿರಾಳವಾಗಿ ಬಟ್ಟೆ ಕತ್ತರಿಸತೊಡಗಿದಳು.