ಅತ್ತೆ ಎಳೆಯದ ಗೀಟು

ನಮ್ಮ ಅತ್ತೆ ನಾಗರತ್ನಮ್ಮನವರಿಗೆ ಮೊಬೈಲಿನಲ್ಲಿ ಪಟ್ಟಿ ಮಾಡಲು ನಾನು ಕಲಿಸಿದ್ದು ಅವರ ಒಳ್ಳೆಯದಕ್ಕಲ್ಲ, ನನ್ನ ಒಳ್ಳೆಯದಕ್ಕೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಹಾಸನದಲ್ಲಿ ನಾನು ಕೆಲಸಕ್ಕಿದ್ದ ಕಂಪ್ಯೂಟರ್ ಸೆಂಟರ್ ದೀಪಾವಳಿ ಹೊತ್ತಿಗೆ ಮುಚ್ಚಿತು. ನಮ್ಮೂರು ಪಾಳ್ಯದಿಂದ ದಿನಾ ಬಸ್ಸು ಹತ್ತುತ್ತಿದ್ದವಳು ಮನೆಯಲ್ಲಿ ಕೂತೆ. ಎರಡು ತಿಂಗಳು ಅಲ್ಲಿ ಇಲ್ಲಿ ಅರ್ಜಿ ಹಾಕಿದ ಮೇಲೆ ಮೈಸೂರಿನ ಒಂದು ಸಣ್ಣ ಕಂಪನಿಯಿಂದ ಮೋನಿಕಾ ಎನ್ನುವವರು ಫೋನ್ ಮಾಡಿದರು. ದಿನದ ಕೆಲಸಗಳನ್ನು ಪಟ್ಟಿ ಮಾಡಿಟ್ಟುಕೊಂಡು, ಹೊತ್ತಿಗೆ ಸರಿಯಾಗಿ ನೆನಪಿಸುವ ಕನ್ನಡದ ಆ್ಯಪ್ ಒಂದನ್ನು ಅವರು ಮಾಡಿದ್ದರು. ಐವತ್ತು ದಾಟಿದ, ಇಂಥದ್ದನ್ನು ಎಂದೂ ಮುಟ್ಟದ ಒಬ್ಬರ ಕೈಗೆ ಅದನ್ನು ಹತ್ತು ದಿನ ಕೊಟ್ಟು, ಉಪಯೋಗವಾಯಿತೇ ಎಂದು ನಾನು ವರದಿ ಬರೆಯಬೇಕು. ಕಲಿಸಿಕೊಡಬಹುದು, ಆದರೆ ಅವರ ಬದಲು ನಾನು ಒತ್ತುವಂತಿಲ್ಲ. ವರದಿ ಹಿಡಿಸಿದರೆ ಮನೆಯಲ್ಲೇ ಕೂತು ಮಾಡುವ ಖಾಯಂ ಕೆಲಸ.

"ನಂಗ್ಯಾಕೆ ಪಟ್ಟಿ? ನನ್ ತಲೆ ನೆಟ್ಟಗೈತೆ," ಅಂದರು ಅತ್ತೆ.

"ನಿಮಗಲ್ಲ ಅತ್ತೆ, ನನಗೆ ಕೆಲಸ ಸಿಗಬೇಕು ಅಂದ್ರೆ ನೀವು ಪಾಸಾಗಬೇಕು."

"ಓದೋ ಕಾಲದಾಗೇ ಪಾಸಾಗ್ಲಿಲ್ಲ ಅವಳು," ಅಂದರು ಜಗಲಿಯಲ್ಲಿದ್ದ ಮಾವ ಮಹಾದೇವಯ್ಯ.

ಆ ಒಂದು ಮಾತು ಸಾಕಾಯಿತು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಫೋನ್ ಕೇಳಿದರು.

ಬೆರಳಲ್ಲಿ ಬರೆಯುವುದು ಅವರಿಗೆ ಬೇಸರ. ಮೈಕಿನ ಗುರುತು ಒತ್ತಿ ಮಾತಾಡಿದರೆ ಆ್ಯಪ್ ತಾನೇ ಬರೆದುಕೊಳ್ಳುತ್ತದೆ, ಹೊತ್ತಾದಾಗ ಅವರ ದನಿಯಲ್ಲೇ ಕೂಗಿ ಹೇಳುತ್ತದೆ ಎಂದು ತೋರಿಸಿದೆ. ಆಮೇಲೆ ಅವರನ್ನು ತಡೆಯುವವರೇ ಇರಲಿಲ್ಲ. ಬೇರೆಯವರ ಪಟ್ಟಿಯಲ್ಲಿ 'ಹಾಲು, ಬಿಲ್ಲು' ಅಂತ ಎರಡಕ್ಷರ ಇರುತ್ತದೆ. ನಮ್ಮ ಅತ್ತೆಯದು ಹೀಗಿತ್ತು: "ಪಕ್ಕದ್ಮನೆ ಗಂಗಾಮಣಿ ಮಗಳು ಹೆತ್ತು ಹನ್ನೊಂದು ದಿನ ಆತು, ಹೋಗಿ ಮಾತಾಡಿಸ್ಕಂಡು ಬರಬೇಕು, ಬರಿಗೈಲಿ ಹೋಗಂಗಿಲ್ಲ." ಇನ್ನೊಂದು: "ಹನ್ನೊಂದು ಗಂಟೆಗೆ ಅಂಗಳದಾಗೆ ಒಣಗಾಕಿರೋ ಕಾಫಿ ಬೀಜ ತಿರುವಿ ಹಾಕೋದು, ತಿರುವ್ತೀನಿ ಅಂತ ಹೇಳಿ ಪೇಪರ್ ಓದ್ಕಂಡು ಕೂರೋದಲ್ಲ." ಇದು ಯಾರಿಗೆ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಗಂಡನ ಹೆಸರನ್ನು ಅವರು ಬಾಯಲ್ಲಿ ಹೇಳುವುದಿಲ್ಲ, ಪಟ್ಟಿಯಲ್ಲೂ ಹೇಳಲಿಲ್ಲ.

ಮೂರನೆಯ ದಿನ ಅತ್ತೆ ತೋಟಕ್ಕೆ ಹೋಗಿದ್ದಾಗ ಗೋಡೆಯ ಗೂಡಿನಲ್ಲಿಟ್ಟಿದ್ದ ಫೋನು ಗದರಿತು: "ಅವರಿಗೆ ಬಿಪಿ ಮಾತ್ರೆ. ತಗಂಡ್ರಾ ಇಲ್ವಾ?"

"ತಗಂಡೆ ಕಣೆ," ಅಂದರು ಮಾವ, ತಲೆ ಎತ್ತದೆ. ಒಂದು ಗಳಿಗೆ ಬಿಟ್ಟು ಸುತ್ತ ನೋಡಿ, ಅತ್ತೆ ಇಲ್ಲದ್ದು ಕಂಡು, ಎದ್ದು ಹೋಗಿ ನಿಜವಾಗಿಯೂ ತೆಗೆದುಕೊಂಡರು.

ಆ ವಾರ ಮನೆ ಗಡಿಯಾರದ ಹಾಗೆ ನಡೆಯಿತು. ಕಾಫಿಯನ್ನು ಹೊತ್ತು ಹೊತ್ತಿಗೆ ತಿರುವಿ ಹಾಕಿದ್ದಾಯಿತು. ಹಸುವಿಗೆ ಲಸಿಕೆ ಬಿತ್ತು. ಗಂಗಾಮಣಿಯ ಮೊಮ್ಮಗುವಿಗೆ ಕುಲಾವಿ ಹೋಯಿತು. ಕೆಲಸ ನನಗೆ ಸಿಕ್ಕ ಹಾಗೇ ಎಂದುಕೊಂಡು ಒಳಗೊಳಗೇ ಹಿಗ್ಗುತ್ತಿದ್ದೆ.

ಹತ್ತನೆಯ ದಿನ ಬೆಳಿಗ್ಗೆ ವರದಿ ಬರೆಯಲು ಕೂತು ಅತ್ತೆಯ ಫೋನ್ ತೆರೆದೆ. ಒಟ್ಟು ಕೆಲಸ ಅರವತ್ತಮೂರು. ಆದದ್ದು ಸೊನ್ನೆ. ಪಟ್ಟಿ ಪೂರ್ತಿ ಕೆಂಪಗೆ ಉರಿಯುತ್ತಿತ್ತು.

ಒಂದೊಂದು ಕೆಲಸದ ಮುಂದೆಯೂ ಒಂದು ಸಣ್ಣ ವೃತ್ತ ಇರುತ್ತದೆ. ಕೆಲಸ ಆದ ಮೇಲೆ ಅದನ್ನು ಒತ್ತಬೇಕು, ಆಗ ಕೆಲಸದ ಮೇಲೆ ಗೀಟು ಬಿದ್ದು ಕೆಂಪು ಹೋಗುತ್ತದೆ. ಮೊದಲ ದಿನವೇ ಅತ್ತೆಗೆ ಎರಡು ಸಲ ತೋರಿಸಿದ್ದೆ. ಅವರು ಒಂದನ್ನೂ ಒತ್ತಿರಲಿಲ್ಲ. ಇದನ್ನು ಕಳಿಸಿದರೆ ಮೋನಿಕಾ ಏನು ತಿಳಿಯುತ್ತಾರೆ? ಈ ಹೆಂಗಸು ಕಲಿಸಲೇ ಇಲ್ಲ ಎನ್ನುತ್ತಾರೆ. ಕೆಲಸಗಳೆಲ್ಲ ಆಗಿದ್ದವು, ಒತ್ತಿದರೆ ಸುಳ್ಳೇನೂ ಅಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಮೊದಲನೆಯದನ್ನು ಒತ್ತಿಯೇಬಿಟ್ಟೆ. 'ಅವರಿಗೆ ಬಿಪಿ ಮಾತ್ರೆ' ಎಂಬುದರ ಮೇಲೆ ಈ ತುದಿಯಿಂದ ಆ ತುದಿಗೆ ಗೀಟು ಬಿತ್ತು.

ಹಿಂದೆ ಬಂದು ನಿಂತಿದ್ದ ಅತ್ತೆ ಫೋನ್ ಕಿತ್ತುಕೊಂಡರು.

"ಏನ್ ಮಾಡ್ಬುಟ್ಟೆ ಹೇಮ? ತೆಗಿ ಅದನ್ನ."

"ಕೆಲಸ ಆಯ್ತು ಅಂತ ಗುರುತು ಅತ್ತೆ."

"ಗುರುತಾದ್ರೆ ಗೀಟ್ಯಾಕೆ? ನಮ್ಮತ್ತೆ ಹೋದಾಗ ರೇಷನ್ ಕಾರ್ಡ್‌ನಾಗೆ ಅವರ ಹೆಸರಿನ ಮೇಲೆ ಹಿಂಗೇ ಎಳೆದಿದ್ರು. ಬದುಕಿರೋರ ಮೇಲೆ ಎಳೀತಾರೇನೆ? ಮಾತ್ರೆ ನುಂಗಿ ಗಟ್ಟಿಮುಟ್ಟಾಗಿ ಕೂತವ್ರೆ, ಅವರ ಮೇಲೆ ಗೀಟು. ಹಾಲು ಕರೆಯೋ ಹಸಿನ ಮೇಲೆ ಗೀಟು. ಹುಟ್ಟಿ ತಿಂಗಳೂ ತುಂಬದ ಕೂಸಿನ ಮೇಲೂ ಗೀಟು. ನಾನ್ ಎಳೆಯಲ್ಲ."

"ಮೊದಲೇ ಹೇಳಬಾರದಿತ್ತಾ?"

"ನಿನ್ ಕಂಪನಿಯೋರು ಮಾಡಿರೋದು, ನಿನ್ ಮನಸ್ಸಿಗೆ ಬೇಜಾರಾಗಬಾರ್ದು ಅಂತ ಸುಮ್ಕಿದ್ದೆ."

ಎಳೆದ ಒಂದು ಗೀಟನ್ನು ಅಳಿಸಿದೆ. ಅರವತ್ತಮೂರೂ ಮತ್ತೆ ಕೆಂಪಾದವು. ಆಮೇಲೆ ಇದ್ದದ್ದು ಇದ್ದಂತೆ ಬರೆದೆ: ಅರವತ್ತಮೂರು ಕೆಲಸಗಳೂ ಆಗಿವೆ, ಒಂದಕ್ಕೂ ಗುರುತು ಬಿದ್ದಿಲ್ಲ, ಕಾರಣ ಇದು. ನಾನು ಒಂದನ್ನು ಒತ್ತಿ ತೆಗೆದದ್ದನ್ನೂ ಬರೆದೆ. ಕಳಿಸಿದ ಮೇಲೆ ಅಂಗಳಕ್ಕೆ ಹೋಗಿ ಮಾವನ ಜೊತೆ ಕಾಫಿ ತಿರುವುತ್ತ ನಿಂತೆ. ಕೈಗೆ ಏನಾದರೂ ಕೆಲಸ ಬೇಕಿತ್ತು.

ಮಧ್ಯಾಹ್ನ ಊಟಕ್ಕೆ ಮುಂಚೆ ಮೋನಿಕಾ ಫೋನ್ ಮಾಡಿದರು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಹೇಮಶ್ರೀ ಅವರೇ, ಹದಿನಾಲ್ಕು ಜನರ ವರದಿ ಬಂದಿದೆ. ಹದಿಮೂರರಲ್ಲಿ ಎಲ್ಲ ಕೆಲಸವೂ ಆಗಿದೆ ಅಂತಿದೆ. ನಿಮ್ಮದೊಂದೇ ಸೊನ್ನೆ."

"ಹೌದು ಮೇಡಂ," ಅಂದೆ.

"ನಿಮ್ಮತ್ತೆ ಇದ್ದಾರಾ?"

ಅತ್ತೆ ಫೋನಿಗೆ ಬಗ್ಗಿದರು. "ನಿಮ್ ಪಟ್ಟಿ ಬೋ ಚೆನ್ನಾಗೈತೆ ಕಣವ್ವ. ನಮ್ಮನೇರು ಮೂವತ್ತು ವರ್ಷ ನಾನ್ ಹೇಳಿದ್ ಕೇಳಲಿಲ್ಲ, ಅದು ಹೇಳಿದ್ರೆ ಕೇಳ್ತಾರೆ. ಗೀಟು ಒಂದು ಬ್ಯಾಡ."

"ಸರಿ ಅಮ್ಮ, ಗೀಟು ಬೇಡ. ಆದರೆ ಕೆಲಸ ಆಗಿದೆ ಅಂತ ಗೊತ್ತಾಗೋದು ಹೇಗೆ?"

"ಒಂದು ಹೂ ಇಡಿ. ದೇವರ ಮ್ಯಾಲೆ ಹೂ ಕಂಡ್ರೆ ಪೂಜೆ ಆಗೈತಾ ಅಂತ ಯಾರಾದ್ರೂ ಕೇಳ್ತಾರಾ?"

"ಯಾವ ಹೂ ಇಡಲಿ?"

"ಮಲ್ಲಿಗೆ ಇಡಿ. ಸಂಪಿಗೆ ತಲೆನೋವು."

ಆ ಕಡೆ ಮೋನಿಕಾ ನಕ್ಕದ್ದು ಅಂಗಳಕ್ಕೆಲ್ಲ ಕೇಳಿತು. ಆಮೇಲೆ ನನ್ನ ಹೆಸರು ಕರೆದರು. "ಉಳಿದವರಲ್ಲಿ ಎಷ್ಟು ಜನ ಕೂತಲ್ಲೇ ಒತ್ತಿ ಕಳಿಸಿದ್ದಾರೋ ನನಗೆ ಗೊತ್ತಿಲ್ಲ. ನೀವೂ ಹಾಗೆ ಮಾಡಬಹುದಿತ್ತು. ಸೋಮವಾರದಿಂದ ಸೇರಿಕೊಳ್ತೀರಾ?"

ನಾನು ಸೇರುತ್ತೇನೆ ಎಂದು ಬಾಯಲ್ಲಿ ಹೇಳಿದೆನೋ, ಬರೀ ತಲೆಯಾಡಿಸಿದೆನೋ ನೆನಪಿಲ್ಲ. ಫೋನ್ ಇಟ್ಟಾಗ ಮಾವ ಪಂಚೆಯ ತುದಿಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. "ಕಾಫಿ ಧೂಳು," ಅಂದರು.

ಅಷ್ಟರಲ್ಲಿ ಅತ್ತೆ ತಮ್ಮ ಫೋನ್ ತೆಗೆದು ಮೈಕ್ ಒತ್ತಿಯಾಗಿತ್ತು. "ಕಿಟಕಿ ಕೋಣೆಯಿಂದ ಮೆಣಸಿನ ಚೀಲ ಎಲ್ಲ ಈಚೆಗೆ ಹಾಕಬೇಕು. ಹೇಮಂಗೆ ಕೂತು ಕೆಲ್ಸ ಮಾಡೋಕೆ ಬೆಳಕಿರೋ ಜಾಗ ಬೇಕು. ಹೊತ್ತು, ಈಗಲೇ."

ಫೋನು ಅದನ್ನೇ ತಿರುಗಿ ಹೇಳುವ ಮೊದಲೇ ಮಾವ ಎದ್ದು ಕಿಟಕಿ ಕೋಣೆಗೆ ನಡೆದರು.