ಹಿಂದಕ್ಕೆ ಹೋಗದ ಗಾಡಿ

ಮನೆಗಾಡಿಯ ಹಿಂದೆ ಕಾರು ಕಟ್ಟಿಕೊಂಡು ಹೋಗುವುದೋ ಬೇಡವೋ ಎಂಬ ಮಾತು ಆರ್ಲೊ ಮತ್ತು ಅವನ ಹೆಂಡತಿ ಲವಾನ್ ಅವರ ಅಡುಗೆಮನೆಗೆ ಬಂದದ್ದು ಹೊಲದಲ್ಲಿ ಜೋಳ ಎದೆಮಟ್ಟ ನಿಂತಿದ್ದಾಗ. ಕಟಾವು ಮುಗಿಯುತ್ತ ಬಂದರೂ ಅದು ಎದ್ದು ಹೋಗಿರಲಿಲ್ಲ. ಕರೆಯದೆ ಬಂದ ನೆಂಟನ ಹಾಗೆ ಮೇಜಿನ ಮೂರನೆಯ ಕುರ್ಚಿಯಲ್ಲಿ ಕೂತೇ ಇತ್ತು.

ಪ್ರತಿವರ್ಷ ಡಕೋಟಾದ ತಮ್ಮ ಊರಿನಲ್ಲಿ ಹಿಮ ಬೀಳುವ ಮೊದಲು ಅವರಿಬ್ಬರೂ ಚಳಿಗಾಲ ಕಳೆಯಲು ಅರಿಝೋನಾದ ಬೆಚ್ಚಗಿನ ಮರಳುಗಾಡಿಗೆ ಹೊರಡುತ್ತಿದ್ದರು. ಆರ್ಲೊ ಶಾಲೆಯ ಬಸ್ಸು ಓಡಿಸುವುದನ್ನು ಬಿಟ್ಟ ವರ್ಷದಿಂದ ಇದು ತಪ್ಪಿರಲಿಲ್ಲ. ಅವರ ಮನೆಗಾಡಿ ಚಿಕ್ಕದು. ಒಂದು ಹಾಸಿಗೆ, ಒಂದು ಒಲೆ, ಕೂತರೆ ಮೊಣಕಾಲು ಬಾಗಿಲಿಗೆ ತಾಗುವಂಥ ಕಕ್ಕಸು. ಆ ಚಿಕ್ಕತನವೇ ಆರ್ಲೊನ ಹೆಮ್ಮೆ. ಎದುರುಮನೆಯ ವೆಂಡೆಲ್ ಬಸ್ಸಿನಷ್ಟು ಉದ್ದದ ಮನೆಗಾಡಿ ಇಟ್ಟುಕೊಂಡು, ಅದರ ಬಾಲಕ್ಕೆ ಕಾರನ್ನೂ ಕಟ್ಟಿಕೊಂಡು ಹೊರಟಾಗ ಆರ್ಲೊ ಬಾಗಿಲಲ್ಲಿ ನಿಂತು, "ನೋಡು, ಸಂಸಾರ ಸಮೇತ ಊರನ್ನೇ ಹೊತ್ಕೊಂಡು ಹೊರಟ" ಅನ್ನುತ್ತಿದ್ದ.

"ನಮ್ಮ ಗಾಡಿ ಎಲ್ಲಿ ಬೇಕಾದ್ರೂ ನುಗ್ಗುತ್ತೆ ಲವಾನ್. ಬಾಲ ಯಾಕೆ?"

"ಒಂದು ಬ್ರೆಡ್ಡು ತರೋಕೆ ಹೋದ್ರೂ ಮಂಚ ಹೊತ್ಕೊಂಡೇ ಹೋಗ್ಬೇಕಾ ನಾನು? ನೀರಿನ ಪೈಪು ಬಿಚ್ಚು, ಕರೆಂಟಿನ ವೈರು ಸುತ್ತು, ಬಿಸಿಲುಮರೆ ಮಡಚು, ಲೋಟ ತಟ್ಟೆ ಬೀಳದ ಹಾಗೆ ಎತ್ತಿಡು. ಆಮೇಲೆ ಬ್ರೆಡ್ಡು."

"ಬ್ರೆಡ್ಡನ್ನ ಮೊದಲೇ ತಂದಿಟ್ಕೋಬೇಕು."

"ನಿನ್ನ ಹತ್ರ ಮಾತಾಡೋದಕ್ಕಿಂತ ಆ ಒಲೆ ಹತ್ರ ಮಾತಾಡಬಹುದು. ಅದು ಬಿಸಿಯಾದ್ರೂ ಆಗುತ್ತೆ."

"ಕಾರು ಕಟ್ಟಿದ್ಮೇಲೆ ಹಿಂದಕ್ಕೆ ಹೋಗೋ ಹಾಗಿಲ್ಲ, ಗೊತ್ತಲ್ಲ? ಒಂದು ಮಾರು ಹಿಂದೆ ಬಂದ್ರೂ ಕಾರಿನ ಮುಂದಿನ ಚಕ್ರ ಅಡ್ಡ ತಿರುಗಿ, ಎಳೆಯೋ ಸರಳು ಡೊಂಕಾಗುತ್ತೆ."

"ಈ ವಯಸ್ಸಲ್ಲಿ ಹಿಂದಕ್ಕೆ ಹೋಗಿ ಆಗ್ಬೇಕಾದ್ದೇನಿದೆ?"

ಮಾತು ಯಾವಾಗಲೂ ಇಲ್ಲಿಗೆ ನಿಲ್ಲುತ್ತಿತ್ತು. ಬ್ರೆಡ್ಡಿನ ಮಾತು ಬ್ರೆಡ್ಡಿನದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಹೋದ ಚಳಿಗಾಲ, ಮರಳುಗಾಡಿನ ಒಂದು ಮಧ್ಯಾಹ್ನ, ಮಡಚುಕುರ್ಚಿಯಲ್ಲಿ ಕೂತಿದ್ದ ಆರ್ಲೊ ಒಂದು ಕಡೆ ವಾಲಿದ್ದ. ಟೋಪಿ ಮುಖಕ್ಕೆ ಜಾರಿದ್ದರಿಂದ ಎಲ್ಲರೂ ನಿದ್ದೆ ಅಂದುಕೊಂಡರು. ಲವಾನ್ ಮಾತ್ರ ಅಂದುಕೊಳ್ಳಲಿಲ್ಲ. ಅವಳು ನೀರಿನ ಪೈಪಿಗೆ ಕೈ ಹಾಕಿದ್ದಳು, ವೈರು ಕಿತ್ತಿದ್ದಳು, ಬಿಸಿಲುಮರೆ ಸುತ್ತಲು ಹೋಗಿ ಅದು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಕೊನೆಗೆ ಅವನನ್ನು ಆಸ್ಪತ್ರೆಗೆ ಒಯ್ಯಲು, ಅಲ್ಲೇ ಪಕ್ಕದಲ್ಲಿ ತಂಗಿದ್ದ ವೆಂಡೆಲ್ ತನ್ನ ಕಾರು ತಂದ. ಎದೆಯ ಮೇಲೆ ಬಂಡೆ ಹೊತ್ತು ಹಿಂದಿನ ಸೀಟಿನಲ್ಲಿ ಮಲಗಿದ್ದ ಆರ್ಲೊನಿಗೆ ಈಗಲೂ ನೆನಪಿರುವುದು ಎರಡೇ. ಮೂಗಿಗೆ ಹತ್ತಿದ ವೆಂಡೆಲನ ನಾಯಿಯ ಕೂದಲು. ಮತ್ತು ಮುಂದಿನ ಸೀಟಿನಿಂದ ಹಿಂದಕ್ಕೆ ಚಾಚಿ ತನ್ನ ಕಾಲುಚೀಲವನ್ನು ಹಿಡಿದುಕೊಂಡಿದ್ದ ಲವಾನಳ ಕೈ. ಅಂದು ಅವಳು ಅವನ ಕಾಲುಚೀಲವನ್ನು ಬಿಡಲೇ ಇಲ್ಲ.

ಅವನು ಬದುಕಿದ. ವೆಂಡೆಲ್ ಆಮೇಲೆ ಆ ದಿನದ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಬಹುದಿತ್ತು. ಎತ್ತದೆ ಇರುವವನ ಋಣ ಹೇಗೆ ತೀರಿಸುವುದು ಎಂಬುದು ಆರ್ಲೊನಿಗೆ ಹೊಳೆಯಲಿಲ್ಲ. ಲವಾನ್ ಕೂಡ ಎತ್ತಲಿಲ್ಲ. ಬೇಸಿಗೆ ಬಂದಾಗ ಮಾತ್ರ, ಷೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಪುಟ್ಟ ಕೆಂಪು ಕಾರನ್ನು ತೊಳೆದಳು. ತೊಳೆಯುತ್ತಾ, "ಇದನ್ನ ಕಟ್ಕೊಂಡು ಹೋದ್ರೆ ಹೇಗೆ?" ಅಂದಳು, ಆಗ ತಾನೇ ಹೊಳೆದ ಹಾಗೆ.

ಕೊನೆಗೆ ಒಂದು ಬೆಳಿಗ್ಗೆ ಆರ್ಲೊ ಕಾಫಿಯ ಲೋಟ ಕೆಳಗಿಟ್ಟು ಹೇಳಿದ: "ಒಂದು ಶರತ್ತು. ಈ ವಾರದ ಕೊನೇಲಿ ನದಿ ದಂಡೆಗೆ ಹೋಗೋಣ. ನೀನೇ ಕಟ್ಟಬೇಕು, ನೀನೇ ಓಡಿಸಬೇಕು, ನೀನೇ ಬಿಚ್ಚಬೇಕು. ನಾನು ಕೈ ಹಾಕಲ್ಲ, ಬಾಯೂ ಹಾಕಲ್ಲ. ನಿನ್ನಿಂದ ಅಷ್ಟು ಆದ್ರೆ ಕಾರು ಬರುತ್ತೆ. ಇಲ್ಲಾಂದ್ರೆ ಅದು ಷೆಡ್ಡಲ್ಲೇ ಇರುತ್ತೆ, ಮತ್ತೆ ಈ ಮಾತು ಬೇಡ."

"ಬಾಯಿ ಹಾಕಲ್ಲ ಅನ್ನೋದೊಂದು ನಿನ್ನಿಂದ ಆಗುತ್ತಾ ಅಂತ ನನ್ನ ಅನುಮಾನ" ಎಂದಳು.

ತನ್ನ ಕೈ ಇದ್ದರೆ ಮಾತ್ರ ಬಿಚ್ಚಿಕೊಳ್ಳುವ ಕಾರು ತಾನೇ ಮತ್ತೆ ಕುಸಿದುಬಿದ್ದ ದಿನ ಯಾವ ಪ್ರಯೋಜನಕ್ಕೆ? ಆರ್ಲೊನ ಲೆಕ್ಕ ಅದು. ಅದನ್ನು ಹೇಳಬಹುದಿತ್ತು, ಹೇಳಲಿಲ್ಲ. ಇನ್ನೊಂದನ್ನಂತೂ ತನಗೆ ತಾನೇ ಹೇಳಿಕೊಳ್ಳಲು ಅವನು ಹಿಂಜರಿದ: ಅವಳು ಸೋಲಲಿ ಎಂದು ಮನಸ್ಸಿನ ಯಾವುದೋ ಮೂಲೆ ಬಯಸುತ್ತಿತ್ತು. ಆ ಕೆಂಪು ಕಾರು ಹಿಂದೆ ಬರುತ್ತಿರುವಷ್ಟು ದಿನವೂ ಕನ್ನಡಿಯಲ್ಲಿ ಅವನಿಗೆ ಕಾಣುವುದು ಕಾರಲ್ಲ, ಆ ಮಧ್ಯಾಹ್ನ.

ಶನಿವಾರ ಅಂಗಳದಲ್ಲಿ ಅವಳು ಕಟ್ಟಿದಳು. ಮನೆಗಾಡಿಯ ಹಿಂದಿನ, ಕಾರು ಎಳೆಯುವ ಕವಲು ಸರಳನ್ನು ಕಾರಿನ ಮೂತಿಗೆ ಕೂಡಿಸಿ ಪಿನ್ನು ಹಾಕಿದಳು. ಸರಪಳಿ, ದೀಪದ ವೈರು. ಗೇರನ್ನು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್‌ಬ್ರೇಕು ಇಳಿಸಿ, ಸ್ಟೀರಿಂಗು ಬಿಗಿದುಕೊಳ್ಳದಂತೆ ಕೀಲಿ ಒಂದು ಸಲ ತಿರುಗಿಸಿದಳು. ಎಲ್ಲ ಮುಗಿದ ಮೇಲೆ ಇಡೀ ಗಾಡಿಯನ್ನು ಒಂದು ಸುತ್ತು ಹಾಕಿ ಬಂದಳು. ಆರ್ಲೊ ಜಾಕೀಟಿನ ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತಿದ್ದ.

ಹೆದ್ದಾರಿಯಲ್ಲಿ ಅವಳು ಚೆನ್ನಾಗಿಯೇ ಓಡಿಸಿದಳು. ಎದುರು ಬಂದ ಟ್ರಕ್ಕುಗಳಿಗೆ ಸ್ಟೀರಿಂಗಿನಿಂದ ಎರಡು ಬೆರಳು ಎತ್ತಿ ನಮಸ್ಕಾರ ಕೂಡ ಹೇಳಿದಳು. ಕಷ್ಟ ಬಂದದ್ದು ಪೆಟ್ರೋಲ್ ಬಂಕಿನಲ್ಲಿ.

ರಸ್ತೆಯಿಂದ ತಿರುಗುವ ಮೊದಲೇ ಆರ್ಲೊನಿಗೆ ಕಂಡಿತ್ತು. ಬಂಕಿಗೆ ಎಣ್ಣೆ ತುಂಬಲು ಬಂದ ಟ್ಯಾಂಕರು ಆ ಕಡೆಯ ಹೊರಹೋಗುವ ದಾರಿಗೆ ಅಡ್ಡಲಾಗಿ ನಿಂತು, ಪೈಪು ನೆಲದೊಳಕ್ಕೆ ಇಳಿಬಿಟ್ಟಿತ್ತು. ಬಾಲ ಕಟ್ಟಿಕೊಂಡವರು ಒಳಗೆ ಹೋಗುವ ದಾರಿಗಿಂತ ಮೊದಲು ಹೊರಗೆ ಬರುವ ದಾರಿ ನೋಡಬೇಕು. ಬಾಲವಿಲ್ಲದೆ ಇಷ್ಟು ಚಳಿಗಾಲ ಓಡಾಡಿದ ಲವಾನ್ ಪಂಪು ನೋಡಿದಳು, ತಿರುಗಿಸಿದಳು. ಅವನ ನಾಲಿಗೆ ಹಲ್ಲಿನವರೆಗೆ ಬಂದು ನಿಂತಿತು. ಶರತ್ತಿಗಾಗಿ ಸುಮ್ಮನಿದ್ದೆನೋ, ಅವಳು ಸೋಲಲಿ ಎಂದು ಸುಮ್ಮನಿದ್ದೆನೋ? ಆ ಕ್ಷಣದಲ್ಲೇ ಕೇಳಿಕೊಂಡ. ಉತ್ತರಕ್ಕೆ ಕಾಯುವ ಧೈರ್ಯವಾಗಲಿಲ್ಲ.

ಗಾಡಿ ಟ್ಯಾಂಕರಿನ ಮುಂದೆ ಓರೆಯಾಗಿ ನಿಂತಿತು. ಬೆನ್ನ ಹಿಂದೆ ಒಂದು ಪಿಕಪ್ಪು ಬಂದು ನಿಂತಿತು. ಮುಂದೆ ದಾರಿಯಿಲ್ಲ, ಹಿಂದಕ್ಕೆ ಹೋಗುವಂತಿಲ್ಲ.

ಲವಾನ್ ಎಂಜಿನ್ ಆರಿಸಿದಳು. "ಆ ಟ್ಯಾಂಕರು ನಿನಗೆ ಮೊದಲೇ ಕಾಣಿಸಿತ್ತು" ಎಂದಳು. ಅದು ಪ್ರಶ್ನೆಯಾಗಿರಲಿಲ್ಲ.

"ಕಾಣಿಸಿತ್ತು."

"ಸರಿ. ಬಾಯಿ ಹಾಕದೆ ಇರೋದು ನಿನಗೆ ಬರುತ್ತೆ ಅಂತಾಯ್ತು" ಎಂದು ಕೈಗವಸು ಹಾಕಿಕೊಳ್ಳದೆ ಇಳಿದಳು.

ಅವಳು ಸರಪಳಿ ಬಿಚ್ಚಿದಳು, ವೈರು ತೆಗೆದಳು. ಗ್ರೀಸು ಮೆತ್ತಿದ ಪಿನ್ನು ಬರಲಿಲ್ಲ. ಎಳೆದಳು. ರಬ್ಬರು ಸುತ್ತಿಗೆ ತಂದು ಹೊಡೆದಳು. ಓರೆಯಾಗಿ ನಿಂತ ಗಾಡಿಯ ಬಿಗಿತವೆಲ್ಲ ಆ ಒಂದು ಪಿನ್ನಿನ ಮೇಲೆ ಕೂತಿತ್ತು. ನೆಲಕ್ಕೆ ಒಂದು ಮೊಣಕಾಲು ಊರಿ, ಬಿಳಿಗೂದಲು ಗಾಳಿಗೆ ಹಾರುತ್ತಾ ಅವಳು ಹೊಡೆಯುತ್ತಲೇ ಇದ್ದಳು. ಆರ್ಲೊ ಇಳಿದು ಪಂಪಿನ ಪಕ್ಕ ನಿಂತಿದ್ದ. ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು. ಜೇಬಿನೊಳಗೆ ಅವನ ಬೆರಳುಗಳು ಒಂದನ್ನೊಂದು ಹಿಡಿದುಕೊಂಡಿದ್ದವು.

ಪಿಕಪ್ಪಿನವನು ಕಾಫಿ ಲೋಟ ಹಿಡಿದುಕೊಂಡೇ ಬಂದ. ದೊಡ್ಡ ಹೊಟ್ಟೆ, ಒಳ್ಳೆಯ ಮುಖ. "ಅಮ್ಮಾ, ಬಿಡಿ, ನಾನು ತೆಗೆದುಕೊಡ್ತೀನಿ."

"ನಿಮ್ಮ ಕಾಫಿ ಆರಿಹೋಗುತ್ತೆ, ಕುಡೀರಿ" ಎಂದಳು ಲವಾನ್, ತಲೆಯೆತ್ತದೆ.

ಅವನು ಆರ್ಲೊನ ಕಡೆ ತಿರುಗಿದ. ಹೆಂಗಸು ಕಾಂಕ್ರೀಟಿನ ಮೇಲೆ ಮಂಡಿಯೂರಿರುವಾಗ ಜೇಬಲ್ಲಿ ಕೈ ಇಟ್ಟುಕೊಂಡು ನಿಂತ ಗಂಡಸನ್ನು ನೋಡುವ ನೋಟ ಅದು. "ನಿಮಗೇನಾದ್ರೂ ಬೆನ್ನು ನೋವಾ ಸ್ವಾಮಿ?"

"ಇಲ್ಲ."

"ಮತ್ತೆ?"

"ಅವಳು ಮಾಡ್ತಾಳೆ."

ಹೇಳಿದ ಮೇಲೆ ಅವನಿಗೇ ಅಚ್ಚರಿಯಾಯಿತು. ಆಗ ಕಾಯಲು ಧೈರ್ಯವಾಗದಿದ್ದ ಉತ್ತರ ಆ ಎರಡು ಪದಗಳಲ್ಲಿತ್ತು. ಅವಳು ಸೋಲಬಾರದು. ಹಾಗೆಂದು ಮನಸ್ಸಿನ ಆ ಮೂಲೆಯೂ ಈಗ ಒಪ್ಪಿತ್ತು. ಈ ಅಪರಿಚಿತನ ತಾತ್ಸಾರವನ್ನು ಹೊತ್ತುಕೊಂಡು ನಿಲ್ಲುವುದು ಇವತ್ತಿನ ತನ್ನ ಪಾಲಿನ ಕೆಲಸ ಎನ್ನಿಸಿತು.

ಲವಾನ್ ಸುತ್ತಿಗೆ ಕೆಳಗಿಟ್ಟಳು. ಕಾಲು ಚಾಚಿ ನೆಲದ ಮೇಲೆ ಕೂತಳು. ಸರಳನ್ನು ನೋಡಿದಳು, ಕಾರನ್ನು ನೋಡಿದಳು. ಆಮೇಲೆ, ಯಾರಿಗೋ ಹೇಳುವಂತೆ, "ನಮ್ಮಪ್ಪನ ಹುಲ್ಲುಗಾಡೀನೂ ಹೀಗೇ ಮಾಡ್ತಿತ್ತು. ಎರಡೂ ಕಡೆ ಎಳೀತಾ ಇದ್ರೆ ಪಿನ್ನು ಎಲ್ಲಿಂದ ಬರುತ್ತೆ" ಎಂದಳು. ಎದ್ದಳು. ಕೆಂಪು ಕಾರಿನೊಳಗೆ ಕೂತು, ಎಂಜಿನ್ ಹಚ್ಚಿ, ಕಾರನ್ನು ಮನೆಗಾಡಿಯ ಕಡೆಗೆ ಕೂದಲೆಳೆಯಷ್ಟು ಮುಂದಕ್ಕೆ ಬಿಟ್ಟಳು. ಸರಳು ನಿಟ್ಟುಸಿರಿನಂಥ ಸದ್ದು ಮಾಡಿ ಸಡಿಲಾಯಿತು. ಇಳಿದು ಬಂದು ಪಿನ್ನನ್ನು ಎರಡು ಬೆರಳಲ್ಲಿ ಎತ್ತಿ ತೆಗೆದಳು, ಕೇಕಿನಿಂದ ಮೇಣದಬತ್ತಿ ತೆಗೆಯುವ ಹಾಗೆ.

ಪಿಕಪ್ಪಿನವನು ಹೋಗಿ ತನ್ನ ಗಾಡಿಯನ್ನು ಹಿಂದೆ ಸರಿಸಿದ. ಲವಾನ್ ಕಾರನ್ನು ರಸ್ತೆ ಬದಿಯ ಜಲ್ಲಿ ಬಯಲಿಗೆ ಒಯ್ದು ನಿಲ್ಲಿಸಿ, ನಡೆದು ವಾಪಸ್ಸು ಬಂದಳು. ಮನೆಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಆರ್ಲೊನನ್ನು ಹಿಂದೆ ನಿಲ್ಲಲು ಕರೆಯಲಿಲ್ಲ. ಇಷ್ಟು ವರ್ಷ ಹಿಂದೆ ನಿಂತು ಕೈ ಬೀಸುತ್ತಿದ್ದವಳು ಅವಳು. ಕೈ ಸರಿಯಾಗಿ ಕಾಣಲಿಲ್ಲವೆಂದು ಕಿರುಚುತ್ತಿದ್ದವನು ಅವನು. ಇವತ್ತು ಎರಡು ಕನ್ನಡಿ ನೋಡಿಕೊಂಡು, ಕಂಬಕ್ಕೆ ತಗಲದಂತೆ ಒಂದೇ ಏಟಿಗೆ ಹೊರಗೆ ತಂದಳು.

ಜಲ್ಲಿ ಬಯಲಿನಲ್ಲಿ ಮತ್ತೆ ಕಟ್ಟಿದಳು. ಡ್ರೈವರ್ ಸೀಟಿಗೆ ಹತ್ತಿದವಳು ಸುಮ್ಮನೆ ಕೂತಳು. ಅವಳು ಯಾಕೆ ಹೊರಡಲಿಲ್ಲವೆಂದು ಆರ್ಲೊನಿಗೆ ಅರ್ಥವಾಯಿತು. ಕಾರಿನ ಹಿಂದಿನ ದೀಪಗಳು ಹತ್ತುತ್ತವೆಯೇ ಎಂದು ನೋಡಲು ಹಿಂದೆ ಇನ್ನೊಬ್ಬರು ನಿಲ್ಲಬೇಕು. ಅವಳು ಕೇಳುವುದಿಲ್ಲ.

ಅವನು ಕಿಟಕಿಯ ಹತ್ತಿರ ಹೋದ. "ದೀಪ ನಾನು ನೋಡ್ತೀನಿ. ಅದಕ್ಕೆ ಕೈ ಬೇಡ, ಕಣ್ಣು ಸಾಕು."

ಅವಳು ಮುಂದೆ ನೋಡುತ್ತಲೇ, "ಬಾಯಿ ಬೇಕಾಗುತ್ತೆ" ಎಂದಳು.

ಅವನು ಕೆಂಪು ಕಾರಿನ ಹಿಂದೆ ಹೋಗಿ ನಿಂತ. ಎಡ, ಎಂದು ಕೂಗಿದ. ಬಲ. ಬ್ರೇಕು. ಒಂದೊಂದೇ ಹತ್ತಿ ಆರಿದವು. ಕಟಾವಾದ ಹೊಲಗಳ ಧೂಳು ಹೊತ್ತ ಗಾಳಿಯಲ್ಲಿ ತಾನು ಶಾಲೆಯ ಮಕ್ಕಳನ್ನು ಕೂಗುವಷ್ಟು ಜೋರಾಗಿ ಕೂಗುತ್ತಿದ್ದೇನೆ ಎಂದು ಅವನಿಗೆ ತಿಳಿಯಿತು. ನಿಲ್ಲಿಸಬೇಕೆನ್ನಿಸಲಿಲ್ಲ.

ನದಿ ದಂಡೆಯಲ್ಲಿ ವೆಂಡೆಲ್ ಮತ್ತು ಅವನ ಹೆಂಡತಿ ಜೆರಿ ಮೊದಲೇ ಬಂದು, ತಮ್ಮ ಮಹಾಗಾಡಿಯ ಮುಂದೆ ಮಡಚುಕುರ್ಚಿ ಹಾಕಿಕೊಂಡಿದ್ದರು. ಅಲ್ಲಿನ ಪದ್ಧತಿಯಂತೆ ಆರ್ಲೊ ಮತ್ತು ಲವಾನ್ ತಮ್ಮ ಕುರ್ಚಿ ತಾವೇ ಹೊತ್ತುಕೊಂಡು ಹೋಗಿ ಕೂತರು. ಜೆರಿ ಬಿಳಿ ಲೋಟಗಳಲ್ಲಿ ಕಾಫಿ ಕೊಟ್ಟಳು.

ವೆಂಡೆಲ್ ಕೆಂಪು ಕಾರಿನ ಕಡೆ ಗದ್ದ ಎತ್ತಿ ತೋರಿಸಿದ. "ಅಂತೂ ಬಾಲ ಬೆಳೀತು ನಿಂಗೆ. ಕಟ್ಟಿದ್ದೂ ನೆಟ್ಟಗಿದೆ ಆರ್ಲೊ, ಪರವಾಗಿಲ್ಲ."

ಆ ಊರುಗಳಲ್ಲಿ 'ಪರವಾಗಿಲ್ಲ'ಕ್ಕಿಂತ ದೊಡ್ಡ ಮೆಚ್ಚುಗೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತನ್ನವರ ಬಗ್ಗೆಯಂತೂ ಅದನ್ನೂ ಹೇಳುವುದಿಲ್ಲ.

"ಈ ಚಳಿಗಾಲ ಕಾರು ಬರುತ್ತೆ ನಮ್ಮ ಜೊತೆ" ಎಂದ ಆರ್ಲೊ. ಲವಾನಳ ಲೋಟ ತುಟಿಯ ಹತ್ತಿರ ಒಂದು ಕ್ಷಣ ನಿಂತು, ಮತ್ತೆ ಕೆಳಗೆ ಬಂತು. "ನಿನ್ನ ಕಾರಿನ ಹಿಂದಿನ ಸೀಟಿಗೆ ಇನ್ನು ನಾಯಿ ಒಂದೇ ಸಾಕು, ವೆಂಡೆಲ್."

ವೆಂಡೆಲ್ ತನ್ನ ಕಾಫಿಯೊಳಗೆ ನೋಡಿದ. "ನಾಯಿಗೆ ಬೇಜಾರಾಗುತ್ತೆ" ಎಂದ ಮೆತ್ತಗೆ. ಆಮೇಲೆ, "ಏನೇ ಆಗ್ಲಿ, ಎದೆ ನೋಡ್ಕೊಂಡು ಕೆಲಸ ಮಾಡು ಮಾರಾಯ. ಆ ಸರಳು ಎತ್ತೋದು ಹುಡುಗಾಟ ಅಲ್ಲ. ನಮ್ಮ ಜೆರಿ ಅದರ ಹತ್ರಾನೂ ಸುಳಿಯಲ್ಲ" ಎಂದ.

ಆರ್ಲೊ ಜೇಬಿನಿಂದ ಎರಡೂ ಕೈ ತೆಗೆದು ಮೊಣಕಾಲಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡ. ಚರ್ಚಿಗೆ ಹೊರಟವನ ಕೈಯಷ್ಟು ಚೊಕ್ಕಟವಾಗಿದ್ದವು. ಆಮೇಲೆ ಪುಟ್ಟ ಮೇಜಿನ ಮೇಲಿದ್ದ ಲವಾನಳ ಲೋಟವನ್ನು ಹಿಡಿಯಿಂದ ಹಿಡಿದು, ನಿಧಾನವಾಗಿ ವೆಂಡೆಲನ ಕಡೆಗೆ ತಿರುಗಿಸಿದ. ಬಿಳಿಯ ಮೇಲೆ ಕಪ್ಪು ಗ್ರೀಸಿನ ನಾಲ್ಕು ಬೆರಳು ಮೂಡಿದ್ದವು, ಗೆರೆ ಗೆರೆಯೂ ಕಾಣುವಷ್ಟು ಸ್ಪಷ್ಟವಾಗಿ.